ಇಸ್ತ್ರಿಪೆಟ್ಟಿಗೆಯ ಕೆಳಗಿನ ಹಾಳೆಗಳು

ಗ್ರಂಥಪಾಲಕಿ ಕೆಮಿಲೆಂಬೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿದ್ದು ಒಂದು ಜಿರಲೆಗೆ ಹೊಡೆಯಲೆಂದು. ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ, ಹರಿದ ಪುಸ್ತಕಗಳನ್ನು ರಿಪೇರಿ ಮಾಡುವ ಮೇಜಿನ ಮೇಲೆ ಅದು ಸದಾ ಇರುತ್ತಿತ್ತು; ಅವಳ ತಾಯಿ ಬಳಸುತ್ತಿದ್ದ, ಇದ್ದಿಲು ತುಂಬಿ ಕಾಯಿಸುವ ಹಳೆಯ ಕಾಲದ ಪೆಟ್ಟಿಗೆ. ಈಗ ಅದಕ್ಕೆ ಬೆಂಕಿಯ ಕೆಲಸವಿಲ್ಲ, ಭಾರದ ಕೆಲಸ ಮಾತ್ರ. ಬೆನ್ನು ಬಿಟ್ಟ ಪುಸ್ತಕಕ್ಕೆ ಮರಗೆಣಸಿನ ಹಿಟ್ಟಿನ ಅಂಟು ಬಳಿದು ಅದರ ಕೆಳಗೆ ಒತ್ತಿಟ್ಟರೆ ಒಂದೆರಡು ದಿನದಲ್ಲಿ ಪುಸ್ತಕ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಜಿರಲೆಗಳಿಗೂ ಆ ಅಂಟೆಂದರೆ ಪ್ರಾಣ. ಎತ್ತಿದಳು, ಜಿರಲೆ ಮೇಜಿನ ಅಂಚಿನಿಂದ ಜಾರಿ ಮಾಯವಾಯಿತು, ಪೆಟ್ಟಿಗೆ ಇದ್ದ ಜಾಗದಲ್ಲಿ ಹಾಳೆಗಳ ಒಂದು ತೆಳು ಕಂತೆ ಉಳಿಯಿತು. ಚೆನ್ನಾಗಿ ಒಣಗಿತ್ತು. ಇದು ಯಾವುದರದ್ದಪ್ಪಾ ಎಂದುಕೊಂಡು ಮೊದಲ ಸಾಲಿನ ಮೇಲೆ ಕಣ್ಣು ಹಾಯಿಸಿದಳು: 'ಆಗ ಯಾರೋ ಅವಳ ಜಡೆಗೆ ಕೈ ಹಾಕಿ ಮೇಲಕ್ಕೆ ಎಳೆದರು.' ಸಾಲು ಮುಗಿಯುವ ಮೊದಲೇ ಗೊತ್ತಾಯಿತು. ಇದು ಅಸಿಮ್ವೆ ಎಂಬ ಹುಡುಗಿಗೆ ಓದಲು ಕೊಟ್ಟ ಕಾದಂಬರಿಯ ಕೊನೆ.

ತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳ ಕತೆ ಅದು. ಊರವರ ಮಾತು, ಮಲತಾಯಿಯ ಮೌನ, ಶಾಲೆಯಲ್ಲಿ ಒಂಟಿ ಬೆಂಚು, ಎಲ್ಲವೂ ಸೇರಿ ಅವಳನ್ನು ಕೊನೆಗೊಂದು ಮುಂಜಾನೆ ಸರೋವರದ ದಡಕ್ಕೆ ತಂದು ನಿಲ್ಲಿಸುತ್ತವೆ. ಅವಳು ನೀರಿಗಿಳಿಯುತ್ತಾಳೆ. ಮೊಣಕಾಲು, ಸೊಂಟ, ಎದೆ. ಈ ಹಾಳೆಗಳಿಲ್ಲದೆ ಹೋದರೆ ಪುಸ್ತಕ ಮುಗಿಯುವುದು ಹೀಗೆ: 'ನೀರು ಕತ್ತಿನವರೆಗೆ ಬಂತು. ಈಗ ಅದು ತಣ್ಣಗಿರಲಿಲ್ಲ.' ಅಲ್ಲೊಂದು ಪೂರ್ಣವಿರಾಮ. ವಾಕ್ಯ ಅರ್ಧಕ್ಕೆ ತುಂಡಾಗಿದ್ದರೆ ಯಾರಾದರೂ ಹಾಳೆ ಬಿದ್ದುಹೋಗಿದೆ ಎಂದುಕೊಳ್ಳುತ್ತಿದ್ದರು. ಆದರೆ ಪುಟವೂ ಅಲ್ಲಿಗೇ ಮುಗಿಯುತ್ತಿತ್ತು, ಅದರ ಹಿಂದೆ ಹೊಸದಾಗಿ ಅಂಟಿಸಿದ ಗಟ್ಟಿ ರಟ್ಟು. ಆ ರಟ್ಟನ್ನು ಅಂಟಿಸಿದವಳು ಅವಳೇ. ಕೊನೆಯ ಕಂತೆ ಒದ್ದೆಯಾಗಿದೆ, ಒಣಗಲಿ, ನಾಳೆ ಸೇರಿಸೋಣ ಎಂದು ಬೇರೆ ಇಟ್ಟವಳೂ ಅವಳೇ. ಮಾರನೆಯ ದಿನ ಶನಿವಾರ. ಶನಿವಾರ ಅಸಿಮ್ವೆ ಬಂದಳು.

ಹದಿನಾರರ ಹುಡುಗಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, "ಶಿಕಮೂ ಟೀಚರ್" ಎಂದು ಪೂರ್ತಿ ಬಾಯಿ ತೆರೆದು ಹೇಳುವವಳು. ಈಗಿನವರು ಆ ಮಾತನ್ನು ಅರ್ಧ ನುಂಗಿಬಿಡುತ್ತಾರೆ. ನಿಮ್ಮ ಕಾಲು ಹಿಡಿದೆ ಎಂದು ಅದರ ಅರ್ಥ. ಕಾಲನ್ನಂತೂ ಯಾರೂ ಹಿಡಿಯುವುದಿಲ್ಲ, ಬಾಯಲ್ಲಾದರೂ ಹಿಡಿಯಿರಿ ಎಂದು ಕೆಮಿಲೆಂಬೆ ಎಷ್ಟೋ ಹುಡುಗರನ್ನು ಬಾಗಿಲಿಗೆ ವಾಪಸ್ ಕಳಿಸಿದ್ದುಂಟು. ಸರಿಯಾಗಿ ಹೇಳಿದ ಮೇಲೆಯೇ ಹಿರಿಯಳಾಗಿ ಅವಳು "ಮರಹಬಾ" ಎಂದು ಒಪ್ಪಿಸಿಕೊಳ್ಳುವುದು. ಅಸಿಮ್ವೆ ಅವತ್ತೂ ಸರಿಯಾಗಿಯೇ ಹೇಳಿದಳು. ಆಮೇಲೆ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೇಳಿದಳು, "ನಗಿಸೋ ಪುಸ್ತಕ ಏನಾದ್ರೂ ಇದೆಯಾ ಟೀಚರ್?" ಅವಳ ತಾಯಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡದ್ದು ಕೆಮಿಲೆಂಬೆಗೆ ಗೊತ್ತಿತ್ತು. ಕಿಟಕಿಯ ಪಕ್ಕ ಪುಸ್ತಕ ತೆರೆದಿಟ್ಟುಕೊಂಡು ಪುಟ ತಿರುಗಿಸದೆ ಸರೋವರ ನೋಡುತ್ತಾ ಕೂರುವುದನ್ನೂ ಕಂಡಿದ್ದಳು. ನಗಿಸುವ ಪುಸ್ತಕವಂತೆ! ಪಾಪ, ದುಃಖವನ್ನು ಎಷ್ಟು ಜಾಣತನದಿಂದ ಮುಚ್ಚಿಡುತ್ತವೆ ಈ ಮಕ್ಕಳು. ಮ್ವಾಂಜಾ ನಗರದಲ್ಲಿ ನಡೆದ ಗ್ರಂಥಪಾಲಕರ ಸಭೆಯಲ್ಲಿ ಎದ್ದು ನಿಂತು, ಹುಡುಗರು ಕೇಳುವ ಪುಸ್ತಕ ಬೇರೆ, ಅವರಿಗೆ ಬೇಕಾದ ಪುಸ್ತಕ ಬೇರೆ, ಅದನ್ನು ಮುಖ ನೋಡಿ ಹೇಳಬಲ್ಲವರೇ ನಿಜವಾದ ಗ್ರಂಥಪಾಲಕರು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದವಳು ಅವಳು. ಆ ಚಪ್ಪಾಳೆ ಅವಳ ಕಿವಿಯಲ್ಲಿ ಇನ್ನೂ ಇತ್ತು. "ಒಂದು ನಿಮಿಷ ಇರು ಮಗಳೇ" ಎಂದು ಹಿಂದಿನ ಕೋಣೆಗೆ ಹೆಚ್ಚುಕಡಿಮೆ ಓಡಿದ್ದಳು. ರಿಪೇರಿ ಮೇಜಿನ ಮೇಲೆ ಆ ಪುಸ್ತಕ ಮೈ ಒಣಗಿಸಿಕೊಂಡು ನೆಟ್ಟಗೆ ಕೂತಿತ್ತು. ಇದೇ, ಇದೇ ಎಂದು ಎತ್ತಿಕೊಂಡು ಬಂದಳು. ಪಕ್ಕದಲ್ಲಿದ್ದ ಇಸ್ತ್ರಿಪೆಟ್ಟಿಗೆ ಕಣ್ಣಿಗೆ ಬೀಳಲಿಲ್ಲ. ಬೀಳುವಷ್ಟು ಜಾಗ ಅವಳ ಹೆಮ್ಮೆ ಉಳಿಸಿರಲಿಲ್ಲ.

ಅಸಿಮ್ವೆ ಒಂದು ಶನಿವಾರವೂ ತಪ್ಪಿಸಿದವಳಲ್ಲ. ಹೋದ ಶನಿವಾರ ಬಂದಿರಲಿಲ್ಲ, ಅದರ ಹಿಂದಿನ ಶನಿವಾರವೂ ಬಂದಿರಲಿಲ್ಲ. ಓದುತ್ತಿದ್ದಾಳೆ, ಓದಿ ಅಳುತ್ತಿದ್ದಾಳೆ, ಅತ್ತು ಹಗುರಾಗುತ್ತಿದ್ದಾಳೆ ಎಂದು ಕೆಮಿಲೆಂಬೆ ಮನಸ್ಸಿನಲ್ಲೇ ಹಿಗ್ಗಿದ್ದಳು. ಈಗ ಅದೇ ಎರಡು ಶನಿವಾರಗಳು ಬೇರೆ ಬಣ್ಣದಲ್ಲಿ ಕಂಡವು. ಅಸಿಮ್ವೆಯ ಚಿಕ್ಕಮ್ಮನ ಮನೆ ಇರುವುದು ನ್ಯಾಮ್ಕಾಜಿಯಲ್ಲಿ, ದೋಣಿಕಟ್ಟೆಯ ಹಿಂದೆ. ಮನೆಯ ಬಾಗಿಲಿಂದ ನೀರಿಗೆ ಎಷ್ಟು ದೂರ? ಕೂಗಿದರೆ ಕೇಳುವಷ್ಟು. ಕೂಗದೆ ಹೋದರೆ ಯಾರಿಗೂ ಕೇಳದಷ್ಟು. ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಹೊರಗೆ ಎದುರಿನ ಮೇಜಿನಲ್ಲಿ ಸಹಾಯಕ ರುಟಾ ಡಬ್ಬಿಯಿಂದ ಏನನ್ನೋ ಬಾಯಿಗೆ ಎಸೆದುಕೊಂಡು ಕುರುಕುತ್ತಿದ್ದ. ಗ್ರಂಥಾಲಯದಲ್ಲಿ ನೊಣವೂ ಇರಲಿಲ್ಲ. "ರುಟಾ, ನ್ಯಾಮ್ಕಾಜಿಗೆ ಹೋಗಿ ಬರ್ತೀನಿ. ಆ ಹುಡುಗಿ ಅಸಿಮ್ವೆಗೆ ಕೊನೆ ಇಲ್ಲದ ಪುಸ್ತಕ ಕೊಟ್ಬಿಟ್ಟಿದೀನಿ."

"ಬಂದಾಗ ಕೊಟ್ರಾಯ್ತಲ್ಲ ಅಕ್ಕ."

"ಬರದೇ ಹೋದ್ರೆ? ಪುಸ್ತಕದ ಹುಡುಗಿ ನೀರೊಳಗೇ ನಿಂತಿದಾಳೆ ಕಣೋ. ಹೊರಗೆ ಬರೋ ಪುಟ ನನ್ನ ಹತ್ರ ಇದೆ."

ರುಟಾ ಕುರುಕುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಅವಳಿಗೆ ಹುಚ್ಚು ಹಿಡಿದಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಪುಸ್ತಕ ಓದಿ ಯಾರಾದ್ರೂ ಸತ್ತದ್ದುಂಟಾ ಅಕ್ಕ? ಈ ಊರಲ್ಲಿ ಓದದೇ ಸತ್ತೋರೇ ಜಾಸ್ತಿ. ತಗೊಳ್ಳಿ, ಎರಡು ಸೆನೆನೆ ಬಾಯಿಗೆ ಹಾಕ್ಕೊಳ್ಳಿ, ಧೈರ್ಯ ಬರುತ್ತೆ." ಹುರಿದ ಮಿಡತೆಗಳ ಡಬ್ಬಿಯನ್ನು ಮುಂದೆ ಚಾಚಿದ. ಅವಳು ಯಾಂತ್ರಿಕವಾಗಿ ಒಂದು ಹಿಡಿ ತೆಗೆದುಕೊಂಡು, ಅಗಿಯುತ್ತಲೇ ಹೊರಬಿದ್ದಳು. ರುಚಿಯಾಗಿದ್ದವು. ರುಚಿಯಾಗಿವೆ ಎಂದು ತನ್ನ ನಾಲಿಗೆ ಇಂಥ ಹೊತ್ತಿನಲ್ಲೂ ಗಮನಿಸಿದ್ದಕ್ಕೆ ನಾಚಿಕೆಯಾಯಿತು.

ದಾರಿಯುದ್ದಕ್ಕೂ ಮನೆಗಳ ಮುಂದೆ ತಗಡಿನ ಹಾಳೆಗಳನ್ನು ಓರೆಯಾಗಿ ನಿಲ್ಲಿಸಿದ್ದರು, ಅವುಗಳ ಬುಡದಲ್ಲಿ ಖಾಲಿ ಡ್ರಮ್ಮುಗಳು. ಅಂಗಡಿಯವರು ಆಕಳಿಸುತ್ತಿದ್ದರು. ಕೆಮಿಲೆಂಬೆ ಅವನ್ನೆಲ್ಲ ನೋಡಿದಳು, ಆದರೆ ಕಾಣಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಒಂದೇ ಒಂದು ಪುಟ. ಈ ದೇಶದ ಉಳಿದ ಊರುಗಳವರು ನಮ್ಮವರನ್ನು 'ನ್‌ಶೊಮೀಲೆ' ಎಂದು ಆಡಿಕೊಳ್ಳುತ್ತಾರೆ, ನಾನು ಓದಿದವ ಎಂದು ಎದೆ ಉಬ್ಬಿಸುವವರು ಎಂದು. ಆಡಿಕೊಳ್ಳಲಿ ಎಂದು ಅವಳು ಯಾವಾಗಲೂ ಅಂದುಕೊಂಡಿದ್ದಳು, ಓದಿದ್ದೇನೆ, ಅದರಲ್ಲೇನು ತಪ್ಪು. ಇವತ್ತು ಮಾತ್ರ ಆ ಓದು ಚೀಲದಲ್ಲಿ ಕಲ್ಲಿನ ಹಾಗೆ ತೂಗುತ್ತಿತ್ತು. ಯಾರಿಗಾಗಿ ಅಷ್ಟೊಂದು ದುಃಖದ ಪುಸ್ತಕಗಳನ್ನು ಇಟ್ಟುಕೊಂಡಿದ್ದೇನೆ? ಅನಾಥರ ಕಪಾಟು, ಕಾಯಿಲೆಯವರ ಕಪಾಟು, ಮನೆ ಬಿಟ್ಟು ಓಡಿದವರ ಕಪಾಟು. ಹುಡುಗರು ಬಾಗಿಲು ದಾಟುತ್ತಿದ್ದಂತೆ ಅವರ ಗಾಯ ಎಲ್ಲಿದೆ ಎಂದು ಹುಡುಕುವುದು ಅವಳಿಗೆ ಎಷ್ಟು ರೂಢಿಯಾಗಿದೆಯೆಂದರೆ, ಗಾಯವಿಲ್ಲದವರು ಬಂದರೆ ಅವಳಿಗೆ ಒಂದು ಬಗೆಯ ನಿರಾಸೆಯಾಗುತ್ತದೆ. ಹಾಗೆ ಅನಿಸಿದ್ದೇ ತಡ, ಅವಳು ದಾರಿಯ ಮಧ್ಯದಲ್ಲಿ ನಿಂತುಬಿಟ್ಟಳು. ಹಿಂದಿನಿಂದ ಬಂದ ಮೋಟಾರುಸೈಕಲ್ಲಿನವನು ಬೈದುಕೊಂಡು ಪಕ್ಕಕ್ಕೆ ಸರಿದು ಹೋದ.

ದೋಣಿಕಟ್ಟೆಯಲ್ಲಿ ಜನ ಗುಂಪು ಕಟ್ಟಿದ್ದರು. ದಡಕ್ಕೆ ಎಳೆದ ದೋಣಿಯೊಂದರಿಂದ ಇಬ್ಬರು ಗಂಡಸರು ಒದ್ದೆ ಗೋಣಿಯಲ್ಲಿ ಸುತ್ತಿದ ಉದ್ದನೆಯದೇನನ್ನೋ ಇಳಿಸುತ್ತಿದ್ದರು, ನಿಧಾನ, ತಲೆ ಹಿಡ್ಕೋ, ತಲೆ ಹಿಡ್ಕೋ ಎನ್ನುತ್ತಾ. ಕೆಮಿಲೆಂಬೆಯ ಕಿವಿಯಲ್ಲಿ ಗಾಳಿ ತುಂಬಿದಂತಾಯಿತು. ಆಚೆ ಮುಸಿರಾ ದ್ವೀಪ ಎಂದಿನಂತೆ ಸುಮ್ಮನೆ ಕೂತಿತ್ತು, ನೀರು ಹೊಳೆಯುತ್ತಿತ್ತು, ಈ ಹೊಳಪನ್ನು ಇನ್ನು ಮುಂದೆ ಹೇಗೆ ನೋಡಲಿ ಎಂದುಕೊಂಡಳು. ಆ ಮಗುವಿನ ಚಿಕ್ಕಮ್ಮನಿಗೆ ಏನು ಹೇಳಲಿ? ಅಂಟು ಒಣಗಿರಲಿಲ್ಲ ಎಂದೇ? ಯಾರನ್ನು ತಳ್ಳಿದಳೋ, ಯಾರ ಕಾಲು ತುಳಿದಳೋ, ಗುಂಪಿನೊಳಗೆ ನುಗ್ಗಿ ಒಬ್ಬನ ತೋಳು ಹಿಡಿದಳು.

"ಯಾರು? ಯಾರು ಅದು?"

"ಯಾರು ಅಂದ್ರೆ?" ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಮೀನು."

ಗೋಣಿ ಜಾರಿತು. ಒಳಗಿದ್ದದ್ದು ಮನುಷ್ಯನಷ್ಟೇ ಉದ್ದದ ಸಂಗಾರಾ ಮೀನು, ಬಾಯಿ ತೆರೆದು ಆಕಾಶ ನೋಡುತ್ತಿತ್ತು. "ನ್‌ಶೊಮೀಲೆ ಅಮ್ಮನಿಗೆ ಮೀನಿನ ಹೆಸರೂ ಬೇಕಂತೆ ಕಣ್ರೋ!" ಎಂದು ಯಾರೋ ಕೂಗಿದರು. "ಮಾರ್ಗರೆಟ್ ಅಂತ ಇಟ್ಕೊಳ್ಳಿ ಅಮ್ಮಾ! ಕೊಳ್ಳೋದಾದ್ರೆ ಮುಂದೆ ಬನ್ನಿ, ಇಲ್ಲಾಂದ್ರೆ ದಾರಿ ಬಿಡಿ." ಇಡೀ ಕಟ್ಟೆ ನಕ್ಕಿತು. ಬೇರೆ ದಿನವಾಗಿದ್ದರೆ ಆ ನಗು ಅವಳನ್ನು ವಾರಗಟ್ಟಲೆ ಚುಚ್ಚುತ್ತಿತ್ತು. ಈಗ ಅದು ಮೈಮೇಲೆ ಬಿದ್ದ ಮಳೆಹನಿಯಷ್ಟೂ ತಾಕಲಿಲ್ಲ. ಮೀನು, ಮೀನು ಎಂದು ಹೇಳಿಕೊಳ್ಳುತ್ತಾ ಮನೆಗಳ ಸಾಲಿನ ಕಡೆ ಹೊರಟಳು.

ಅಸಿಮ್ವೆ ಅಂಗಳದಲ್ಲಿ ಇದ್ದಳು. ಇದ್ದಳು. ಚಾಪೆಯ ಮೇಲೆ ಕಾಲು ಚಾಚಿ ಕೂತು, ಮೊರದ ತುಂಬ ಹಸಿರು ಮಿಡತೆಗಳನ್ನು ಹರಡಿಕೊಂಡು, ಒಂದೊಂದರದ್ದೇ ರೆಕ್ಕೆ ಕಾಲು ಕಿತ್ತು ಬೋಗುಣಿಗೆ ಹಾಕುತ್ತಿದ್ದಳು. ಕಣ್ಣು ನಿದ್ದೆಯಿಲ್ಲದೆ ಊದಿಕೊಂಡಿತ್ತು. ಗಲ್ಲದ ಮೇಲೊಂದು ರೆಕ್ಕೆ ಅಂಟಿತ್ತು. ಪಕ್ಕದಲ್ಲಿ ಚಿಕ್ಕಮ್ಮ ಜೆನೆರೋಜಾ ಒಲೆಯ ಮೇಲೆ ಬಾಣಲೆ ಇಟ್ಟು ಹುರಿಯುತ್ತಿದ್ದಳು. ಸೆನೆನೆ! ಊರಿಗೆ ಊರೇ ರಾತ್ರಿಯಿಡೀ ದೀಪ ಹಚ್ಚಿ, ತಗಡಿಗೆ ಬಡಿದು ಡ್ರಮ್ಮಿಗೆ ಬೀಳುವ ಸೆನೆನೆ ಹಿಡಿದು ಹಗಲಲ್ಲಿ ತೂಕಡಿಸುವ ಕಾಲ ಇದು, ಈ ದಿನಗಳಲ್ಲಿ ಪಾದ್ರಿಯ ಮುಂದೆಯೇ ಬೆಂಚುಗಳು ಖಾಲಿ ಇರುತ್ತವೆ, ಗ್ರಂಥಾಲಯಕ್ಕೆ ಯಾರು ಬಂದಾರು? ಇದೇ ಮಣ್ಣಿನಲ್ಲಿ ಹುಟ್ಟಿ, ಇದೇ ಮಿಡತೆ ತಿಂದು ಬೆಳೆದು, ಬಾಯಲ್ಲಿ ಅದನ್ನೇ ಅಗಿಯುತ್ತಾ ನಡೆದುಬಂದ ತನಗೆ ಅದು ಹೊಳೆಯಲಿಲ್ಲವಲ್ಲ! ಕೆಮಿಲೆಂಬೆ ಯಾರೂ ಕೂರು ಎನ್ನುವ ಮೊದಲೇ ಚಾಪೆಯ ಅಂಚಿನಲ್ಲಿ ಕುಸಿದು ಕೂತಳು.

"ಅಯ್ಯೋ ಟೀಚರ್!" ಅಸಿಮ್ವೆ ಗಾಬರಿಯಿಂದ ಅರ್ಧ ಎದ್ದಳು. ಶಿಕಮೂ ಹೇಳುವುದನ್ನೇ ಮರೆತಿದ್ದಳು. "ಪುಸ್ತಕ ವಾಪಸ್ ಕೊಡೋದು ತಡ ಆಯ್ತು ಅಂತ ಮನೆಗೇ ಬಂದ್ಬಿಟ್ರಾ?"

"ಓದಿದೆಯಾ?" ಎಂದಳು ಕೆಮಿಲೆಂಬೆ.

ಹುಡುಗಿ ಚಿಕ್ಕಮ್ಮನ ಮುಖ ನೋಡಿದಳು. "ಓದ್ತಾ ಇದೀನಿ."

"ಎಲ್ಲಿ ತನಕ?"

"ಶುರು ತನಕ."

"ಸುಳ್ಳು ಯಾಕೆ ಹೇಳ್ತೀಯೇ ದೊಡ್ಡೋರ ಹತ್ರ" ಎಂದಳು ಜೆನೆರೋಜಾ, ಬಾಣಲೆಯಿಂದ ತಲೆ ಎತ್ತದೆ. "ತಂದ ದಿನದಿಂದ ಅದು ಅಲ್ಲೇ ಇದೆ ಅಕ್ಕ, ನೋಡಿ."

ಅಲ್ಲಿ ಎಂದರೆ ಬಾಗಿಲ ಪಕ್ಕ, ಒಂದು ದೊಡ್ಡ ಬಕೆಟ್ಟಿನ ಮೇಲೆ. ಕೆಮಿಲೆಂಬೆ ತನ್ನ ಕೈಯಾರೆ ಅಂಟಿಸಿದ ರಟ್ಟನ್ನು ಗುರುತು ಹಿಡಿದಳು. ಕಾದಂಬರಿಯನ್ನು ನಡುವೆ ತೆರೆದು ಬಕೆಟ್ಟಿನ ಬಾಯಿಗೆ ಮುಚ್ಚಳದಂತೆ ಬೋರಲು ಹಾಕಿದ್ದರು, ಮೇಲೊಂದು ಕಲ್ಲು. ಒಳಗಿನಿಂದ ನೂರಾರು ಸೆನೆನೆಗಳು ತಾಯಿಯಿಲ್ಲದ ಹುಡುಗಿಯ ಕತೆಗೆ ತಲೆ ಚಚ್ಚಿಕೊಳ್ಳುವ ಟಕಟಕ ಸದ್ದು ಕೇಳಿಸುತ್ತಿತ್ತು. "ತಟ್ಟೆ ಮುಚ್ಚಿದ್ರೆ ಜಾರುತ್ತೆ, ಬಟ್ಟೆ ಕಟ್ಟಿದ್ರೆ ಕಚ್ಚಿ ತೂತು ಮಾಡ್ತವೆ" ಎಂದು ಜೆನೆರೋಜಾ ಸಮಜಾಯಿಷಿ ಕೊಟ್ಟಳು. "ನಿಮ್ಮ ರಟ್ಟು ಭಾರಿ ಗಟ್ಟಿ ಅಕ್ಕ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

ಓದಿಲ್ಲ. ಒಂದು ಪುಟವೂ ಓದಿಲ್ಲ. ಆಯುಷ್ಯವೆಲ್ಲ ಪುಸ್ತಕ ಓದಿಸುವುದರಲ್ಲೇ ಕಳೆದವಳು, ಓದದೆ ಬಿಟ್ಟ ಒಂದು ಪುಸ್ತಕಕ್ಕಾಗಿ ದೇವರಿಗೆ ಕೈ ಮುಗಿದದ್ದು ಇದೇ ಮೊದಲು. ಜೆನೆರೋಜಾ ಒಂದು ಪುಟ್ಟ ಬುಟ್ಟಿಯಲ್ಲಿ ಅಗಿಯಲು ಒಣ ಕಾಫಿಹಣ್ಣು ತಂದಿಟ್ಟಳು, ಮನೆಗೆ ಬಂದವರಿಗೆ ಕೊಡುವಂತೆ. ಕೆಮಿಲೆಂಬೆ ಒಂದನ್ನು ಬಾಯಿಗೆ ಹಾಕಿಕೊಂಡಳು. ಆ ಕಹಿ ಎಷ್ಟು ಹಿತವಾಗಿತ್ತು! ಆಮೇಲೆ, ನಿರಾಳವಾದ ಮನಸ್ಸು ಸುಮ್ಮನಿರಲಾರದೆ, ಹಳೆಯ ಹೆಮ್ಮೆ ಮೆಲ್ಲನೆ ತಲೆ ಎತ್ತಿತು.

"ಯಾಕೆ ಓದ್ಲಿಲ್ಲ ಮಗಳೇ? ನಿನಗೆ ಅಂತಾನೇ ಆರಿಸಿ ಕೊಟ್ಟಿದ್ದೆ."

ಅಸಿಮ್ವೆ ಕೈಯಲ್ಲಿದ್ದ ಮಿಡತೆಯ ರೆಕ್ಕೆ ಕಿತ್ತಳು. ಇನ್ನೊಂದನ್ನು ಎತ್ತಿಕೊಂಡಳು, ಕೀಳಲಿಲ್ಲ. "ಮೊದಲನೇ ಪುಟದಲ್ಲೇ ಅಮ್ಮ ಸತ್ತೋದ್ಲು ಟೀಚರ್." "ಅಮ್ಮ ಹೋದಾಗಿಂದ ಎಲ್ರೂ ನನಗೆ ಅಳೋಕೆ ಏನಾದ್ರೂ ಕೊಡ್ತಾನೇ ಇದಾರೆ. ಪಾದ್ರಿ ಕೊಡ್ತಾರೆ, ಶಾಲೇಲಿ ಕೊಡ್ತಾರೆ, ಪಕ್ಕದ ಮನೆಯೋರು ಬಂದು ಕೊಟ್ಟು ಹೋಗ್ತಾರೆ. ನಾನು ನಿಮ್ಮ ಹತ್ರ ನಗೋಕೆ ಕೇಳಿದ್ದೆ."

ಕೆಮಿಲೆಂಬೆ ತಲೆ ತಗ್ಗಿಸಿದಳು. ಕೇಳಿದ್ದೆ. ನಿಜ, ಕೇಳಿದ್ದಳು, ಸ್ಪಷ್ಟವಾಗಿ, ಮೇಜಿನ ಅಂಚು ಕೆರೆಯುತ್ತಾ. ಮುಖ ಓದುವ ಉತ್ಸಾಹದಲ್ಲಿ ಮಾತು ಕೇಳಿಸಿಕೊಂಡಿರಲಿಲ್ಲ. ತಪ್ಪಾಯ್ತು ಎಂಬುದು ನಾಲಿಗೆಯ ತುದಿಗೆ ಬಂತು. ಹದಿನಾರರ ಹುಡುಗಿಗೆ ಐವತ್ತು ದಾಟಿದವಳು ಅದನ್ನು ಹೇಳುವ ಬಗೆ ಯಾವುದು ಎಂದು ತಿಳಿಯದೆ ಅಲ್ಲೇ ನಿಂತಿತು. ಅದಕ್ಕಿಂತ ಹೆಚ್ಚು ಅವಮಾನದ ಸಂಗತಿ ಇನ್ನೊಂದಿತ್ತು. ಹಾಗಾದರೆ ಈಗ ನಗಿಸುವ ಪುಸ್ತಕ ಒಂದನ್ನು ಹೇಳು ಎಂದರೆ, ತನ್ನ ಗ್ರಂಥಾಲಯದಲ್ಲಿ ಅಂಥದ್ದೊಂದರ ಹೆಸರೂ ಅವಳಿಗೆ ನೆನಪಾಗುತ್ತಿರಲಿಲ್ಲ. ಏನಾದರೂ ಮಾಡಬೇಕೆಂದು ಚೀಲದ ಬಾಯಿ ಬಿಚ್ಚಿದಳು, ಮತ್ತೆ ಮುಚ್ಚಲು ಹೋದಳು.

"ಏನದು?" ಎಂದಳು ಅಸಿಮ್ವೆ.

"ಏನಿಲ್ಲ. ಆ ಪುಸ್ತಕದ ಕೊನೆ ಹಾಳೆಗಳು. ಸೇರಿಸೋದು ಮರೆತಿದ್ದೆ."

"ಕೊನೇಲಿ ಅವಳೂ ಸಾಯ್ತಾಳಾ?"

"ಇಲ್ಲ."

"ನಿಜವಾಗ್ಲೂ?"

"ಇಲ್ಲ ಮಗಳೇ. ಬದುಕ್ತಾಳೆ. ಒಬ್ಬ ಮೀನುಗಾರ ಎಳ್ಕೊಳ್ತಾನೆ."

"ಹಾಗಾದ್ರೆ ಕೊಡಿ ನೋಡೋಣ." ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡು ಅಸಿಮ್ವೆ ಹಾಳೆಗಳನ್ನು ಇಸಿದುಕೊಂಡಳು. ನಿಂತೇ ಓದತೊಡಗಿದಳು, ಹುಬ್ಬು ಗಂಟಿಕ್ಕಿ, ತುಟಿ ಅಲುಗಿಸುತ್ತಾ. ಕೆಮಿಲೆಂಬೆಗೆ ಆ ಪುಟ ಬಾಯಿಪಾಠ. ಮುದುಕ ಮೀನುಗಾರ ಹುಡುಗಿಯನ್ನು ದೋಣಿಗೆ ಎಳೆದುಹಾಕುವ ಆ ಪುಟಕ್ಕೆ ಬಂದಾಗಲೆಲ್ಲ ಅವಳು ತಪ್ಪದೆ ಅತ್ತಿದ್ದಳು, ಇದು ಇಡೀ ಪುಸ್ತಕದಲ್ಲೇ ಕರುಳು ಹಿಂಡುವ ಪುಟ ಎಂದು ಎಷ್ಟೋ ಹುಡುಗರಿಗೆ ಹೇಳಿದ್ದಳು. ಈಗಲೂ ಅಭ್ಯಾಸಬಲದಿಂದ ಅವಳ ಕಣ್ಣು ಒದ್ದೆಯಾಗಲು ಸಿದ್ಧವಾಯಿತು. ಅಷ್ಟರಲ್ಲಿ ಅಸಿಮ್ವೆಯ ಮೂಗಿನಿಂದ ಪುಸಕ್ಕನೆ ಒಂದು ಸದ್ದು ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡಳು, ಆದರೂ ನಗು ತಡೆಯಲಾಗಲಿಲ್ಲ.

"ಚಿಕ್ಕಮ್ಮಾ, ಕೇಳಿಲ್ಲಿ! ಅವಳನ್ನ ನೀರಿಂದ ಎತ್ತಿ ಹಾಕ್ಕೊಂಡು ಮುದುಕ ಬೈತಾನೆ. 'ಈಜು ಬರಲ್ಲ ಅಂದ್ಮೇಲೆ ನನ್ನ ಬಲೇಲಿ ನಿನಗೇನು ಕೆಲಸ? ರಾತ್ರಿಯಿಂದ ಕಾದು ಕೂತೋನಿಗೆ ಬಿದ್ದದ್ದು ನೀನು! ನಿನ್ನ ಸಂತೆಗೆ ಒಯ್ದು ಏನಂತ ಕೂಗಲಿ? ಮೈಯಲ್ಲಿ ಮಾಂಸವೂ ಇಲ್ಲ!'" ಮುದುಕನ ಗೊರಗೊರ ದನಿಯನ್ನು ತೆಗೆದು ಓದುತ್ತಿದ್ದಳು. "'ಕೆಮ್ಮು, ಕೆಮ್ಮು, ಕುಡಿದ ನೀರೆಲ್ಲ ಕಕ್ಕು, ಅದು ನಮ್ಮೂರಿನ ನೀರು!'"

ಜೆನೆರೋಜಾ ಸೌಟು ಹಿಡಿದುಕೊಂಡೇ ಹೊಟ್ಟೆ ಅಲುಗಿಸಿ ನಗತೊಡಗಿದಳು. "ನಮ್ಮ ದೋಣಿಕಟ್ಟೆ ಮುದುಕರ ಥರಾನೇ ಕಣೇ!" ಕೆಮಿಲೆಂಬೆ ಕಣ್ಣು ಬಿಟ್ಟು ಕೂತಿದ್ದಳು. ಅವೇ ಮಾತುಗಳು, ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಇಷ್ಟು ವರ್ಷ ಅವು ಅಲ್ಲೇ ಇದ್ದವು. ಯಾರು? ಮೀನು. ಗೋಣಿಯಿಂದ ಇಣುಕಿದ ಆ ತೆರೆದ ಬಾಯಿ, ಮಾರ್ಗರೆಟ್ ಎಂಬ ಹೆಸರು ಎಲ್ಲ ಒಟ್ಟಿಗೆ ನೆನಪಾಗಿ ಅವಳ ಹೊಟ್ಟೆಯ ಆಳದಿಂದ ಏನೋ ಗುಳುಗುಳು ಎಂದು ಮೇಲೇರಿತು. ನಕ್ಕಳು. ಬಾಯಲ್ಲಿದ್ದ ಕಾಫಿಹಣ್ಣು ಗಂಟಲಿಗೆ ಹೋಗಿ ಕೆಮ್ಮಿದಳು. "ಕಕ್ಕಿ ಟೀಚರ್, ಕಕ್ಕಿ, ನಮ್ಮೂರಿನ ಕಾಫಿ!" ಎಂದು ಅಸಿಮ್ವೆ ಅವಳ ಬೆನ್ನು ತಟ್ಟಿದಳು.

ಉಸಿರು ಹಿಡಿತಕ್ಕೆ ಬಂದ ಮೇಲೆ ಹುಡುಗಿ ಹಾಳೆಗಳನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು, "ಆದ್ರೆ ಇವಳು ನೀರಿಗೆ ಯಾಕೆ ಇಳಿದ್ಲು?"

ಹೇಳಲು ಕೆಮಿಲೆಂಬೆ ಬಾಯಿ ತೆರೆದಳು. ಹೇಳಲಿಲ್ಲ. "ಅದು ಹಿಂದಿನ ಪುಟಗಳಲ್ಲಿದೆ. ಬೇಕಾದ್ರೆ ಓದು, ಬೇಡವಾದ್ರೆ ಬಿಡು. ಅಳೋದೂ ಇದೆ, ಮೊದಲೇ ಹೇಳ್ಬಿಟ್ಟಿದೀನಿ."

"ಬದುಕ್ತಾಳೆ ಅಂತ ಗೊತ್ತಾಯ್ತಲ್ಲ" ಎಂದಳು ಅಸಿಮ್ವೆ. ಎರಡೇ ಹೆಜ್ಜೆಗೆ ಬಕೆಟ್ಟಿನ ಬಳಿ ಹೋಗಿ, ಕಲ್ಲನ್ನು ಪಕ್ಕಕ್ಕಿಟ್ಟು ಪುಸ್ತಕವನ್ನು ಎತ್ತಿಬಿಟ್ಟಳು.

"ಅಯ್ಯೋ ಮುಚ್ಚೇ, ಮುಚ್ಚೇ!" ಜೆನೆರೋಜಾ ಕಿರುಚುವಷ್ಟರಲ್ಲಿ ಬಕೆಟ್ಟು ಉಕ್ಕಿತ್ತು. ಹಸಿರು ಮಿಡತೆಗಳು ಚಿಮ್ಮಿ ಅಂಗಳದ ತುಂಬ, ಗೋಡೆಗೆ, ಬಾಣಲೆಗೆ, ಮೂವರ ತಲೆಗೆ ಹಾರಿದವು. ಜೆನೆರೋಜಾ ಸೌಟು ಬೀಸಿದಳು. ಅಸಿಮ್ವೆ ಒಂದು ಕೈಯಲ್ಲಿ ಪುಸ್ತಕವನ್ನು ಎದೆಗೊತ್ತಿಕೊಂಡು ಇನ್ನೊಂದು ಕೈಯಲ್ಲಿ ಸಿಕ್ಕದ್ದನ್ನು ಸಿಕ್ಕಲ್ಲಿ ಬಾಚುತ್ತಿದ್ದಳು. ಕೆಮಿಲೆಂಬೆ ಸೀರೆಯಂತಹ ತನ್ನ ಉದ್ದ ಬಟ್ಟೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿಕೊಂಡು ಕೈಕಾಲೂರಿ ನೆಲಕ್ಕಿಳಿದಳು, ಚಿಕ್ಕಂದಿನಲ್ಲಿ ಹುಲ್ಲಿನಲ್ಲಿ ಹಿಡಿಯುತ್ತಿದ್ದ ಹಾಗೆ. ಚಾಪೆಯ ಮೇಲೊಂದು, ಕಲ್ಲಿನ ಸಂದಿಯಲ್ಲೊಂದು. ದಪ್ಪನೆಯದೊಂದು ಹಾರಿ ಹೋಗಿ ಅಸಿಮ್ವೆಯ ಬರಿಯ ಪಾದದ ಮೇಲೆ ಕೂತಿತು. ಕೆಮಿಲೆಂಬೆ ಉಸಿರು ಬಿಗಿಹಿಡಿದು ತೆವಳಿ, ಎರಡೂ ಕೈಗಳಿಂದ ಆ ಪಾದವನ್ನು ಗಪ್ಪನೆ ಹಿಡಿದಳು.

ಅಸಿಮ್ವೆ ಕೆಳಗೆ ನೋಡಿದಳು. ತನ್ನ ಕಾಲ ಬಳಿ ಬಗ್ಗಿದ ನರೆತ ತಲೆ, ಪಾದ ಹಿಡಿದ ಕೈಗಳು. ಒಂದು ಕ್ಷಣ ಅವಳ ಮುಖ ಗಂಭೀರವಾಯಿತು. ಆಮೇಲೆ, ಗತ್ತಿನಿಂದ, ಊರ ಹಿರಿಯರ ಹಾಗೆ ಗಲ್ಲ ಎತ್ತಿ ಹೇಳಿದಳು:

"ಮರಹಬಾ."

"ಏಯ್! ದೊಡ್ಡೋರಿಗೆ ಹಾಗನ್ನೋದಾ, ನಾಲಿಗೆ ನೋಡು ಇವಳದ್ದು!" ಜೆನೆರೋಜಾ ಸೌಟು ಎತ್ತಿಕೊಂಡು ಬಂದಳು. ಕೆಮಿಲೆಂಬೆ ಬೇಡ ಎಂದು ತಲೆಯಾಡಿಸಿದಳು. ನಗುವಿನಿಂದ ಅವಳಿಗೆ ಮಾತು ಹೊರಡುತ್ತಿರಲಿಲ್ಲ, ಕಣ್ಣಲ್ಲಿ ನೀರು ಬರುತ್ತಿತ್ತು. ಕೈಯನ್ನು ಮಾತ್ರ ತೆಗೆಯಲಿಲ್ಲ. ಅಂಗೈಯ ಕೆಳಗೆ ಮಿಡತೆ ಬಲವಾಗಿ ಒದೆಯುತ್ತಿತ್ತು.